80–90ರ ರಾಕ್ ಆಲ್ಬಂಗಳ ಬಗ್ಗೆ ಅಭಿಪ್ರಾಯ ಹೇಳುವ ಮುನ್ನ: ಕೇಳುವ ಕ್ರಮ

ಇಬ್ಬರು ಒಂದೇ ಹೆಸರಿನ ಆಲ್ಬಂ ಹಿಡಿದು ವಾದಕ್ಕಿಳಿದಿರುತ್ತಾರೆ. ಆದರೆ ಒಬ್ಬರ ಕಿವಿಗೆ ಬಿದ್ದ ರೆಕಾರ್ಡಿಂಗ್ ಇನ್ನೊಬ್ಬರ ಕಿವಿಗೆ ಬಿದ್ದೇ ಇರುವುದಿಲ್ಲ. 80 ಮತ್ತು 90ರ ದಶಕದ ರಾಕ್‌ನಲ್ಲಿ ಈ ಎಡವಟ್ಟು ಎಷ್ಟು ಸಾಮಾನ್ಯವೆಂದರೆ, ಯಾವ ಆವೃತ್ತಿ ಎಂದು ಕೇಳದೆ ವಾದ ಶುರುಮಾಡಲೇಬಾರದು.

ಆಜಿ ಆಸ್ಬಾರ್ನ್ ಅವರ ‘ಬ್ಲಿಝರ್ಡ್ ಆಫ್ ಆಜ್’ 1980ರದು. 2002ರಲ್ಲಿ ಅದನ್ನು ಮತ್ತೆ ಹೊರತಂದಾಗ ಬಾಬ್ ಡೇಸ್ಲಿಯ ಬೇಸ್ ಗಿಟಾರನ್ನೂ ಲೀ ಕರ್ಸ್‌ಲೇಕ್‌ನ ಡ್ರಮ್ಸನ್ನೂ ತೆಗೆದುಹಾಕಿ, ಅದೇ ಜಾಗದಲ್ಲಿ ರಾಬರ್ಟ್ ಟ್ರುಹಿಯೊ ಮತ್ತು ಮೈಕ್ ಬೋರ್ಡಿನ್ ಅವರಿಂದ ಹೊಸದಾಗಿ ನುಡಿಸಿದರು. ಮೂಲ ವಾದನ ವಾಪಸ್ ಬಂದದ್ದು 2011ರ ಆವೃತ್ತಿಯಲ್ಲಿ. 2002ರ ಪ್ರತಿ ಕೇಳಿ ಆ ಕಾಲದ ಡ್ರಮ್ಮರ್ ಬಗ್ಗೆ ತೀರ್ಪು ಕೊಟ್ಟರೆ, ನುಡಿಸದವನಿಗೆ ಅಂಕ ಹಾಕಿದಂತಾಗುತ್ತದೆ. ಮೆಗಾಡೆತ್‌ನ ‘ರಸ್ಟ್ ಇನ್ ಪೀಸ್’ (1990) ಕೂಡ 2004ರಲ್ಲಿ ಹೊಸ ಮಿಕ್ಸ್‌ನಲ್ಲಿ ಬಂತು, ಅದರಲ್ಲಿ ಹಾಡಿದ ಕೆಲವು ಭಾಗಗಳೇ ಹೊಸವು.

ಇಲ್ಲಿ ಎರಡು ಪದಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ರೀಮಾಸ್ಟರ್ ಎಂದರೆ ಮುಗಿದ ಸ್ಟೀರಿಯೊ ಮಿಕ್ಸ್‌ನ ಒಟ್ಟು ಮಟ್ಟ ಮತ್ತು ನಾದವನ್ನು ತಿದ್ದುವುದು. ರೀಮಿಕ್ಸ್ ಎಂದರೆ ಒಂದೊಂದು ವಾದ್ಯದ ಟ್ರ್ಯಾಕನ್ನೂ ಬಿಚ್ಚಿ ಮತ್ತೆ ಜೋಡಿಸುವುದು. ಪರ್ಲ್ ಜ್ಯಾಮ್‌ನ ‘ಟೆನ್’ 2009ರಲ್ಲಿ ಎರಡೂ ರೂಪದಲ್ಲಿ ಬಂತು. ಬ್ರೆಂಡನ್ ಓಬ್ರಿಯನ್ ಮಾಡಿದ ರೀಮಿಕ್ಸ್‌ನಲ್ಲಿ 1991ರ ಆ ದಟ್ಟ ಪ್ರತಿಧ್ವನಿ ಬಹುಪಾಲು ಇಲ್ಲ. ಕೈಯಲ್ಲಿರುವುದು ಯಾವುದೆಂದು ತಿಳಿಯಲು ಸಿಡಿಯ ಹಿಂಬದಿಯ ವರ್ಷಗಳನ್ನೂ, ಹೊಳೆಯುವ ಬದಿಯಲ್ಲಿ ನಡುವಿನ ತೂತಿನ ಸುತ್ತ ಕೊರೆದ ಸಂಖ್ಯೆಯನ್ನೂ ನೋಡಿ. ಆ್ಯಪ್‌ನಲ್ಲಾದರೆ ಹಾಡುಗಳ ಪಟ್ಟಿಯ ಕೊನೆಯಲ್ಲಿ ಬರುವ ಹಕ್ಕುಸ್ವಾಮ್ಯದ ಸಾಲು ಓದಿ.

ಮುಂದಿನ ಕೆಲಸ ಧ್ವನಿಮಟ್ಟ ಸರಿಸಮ ಮಾಡುವುದು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. 80ರ ದಶಕದ ಮೂಲ ಸಿಡಿಗೂ ನಂತರದ ರೀಮಾಸ್ಟರ್‌ಗೂ 6–8 ಡೆಸಿಬೆಲ್ ಅಂತರವಿರುವುದು ಅಪರೂಪವಲ್ಲ. ಒಂದೇ ಡೆಸಿಬೆಲ್ ಜೋರಾದರೂ ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತದೆ. ಆ್ಯಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿ. ಫೈಲ್‌ಗಳಾದರೆ ಆಡಿಯೊ ತಿದ್ದುವ ತಂತ್ರಾಂಶ ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಎರಡನ್ನೂ ಮೈನಸ್ 18 ಲಫ್ಸ್‌ಗೆ (LUFS, ಕಿವಿಗೆ ಕೇಳಿಸುವ ಜೋರಿನ ಅಳತೆ) ತನ್ನಿ. ಜೋರಿರುವುದನ್ನು ತಗ್ಗಿಸಬೇಕು. ಮೆಲ್ಲಗಿರುವುದನ್ನು ಎತ್ತಲು ಹೋದರೆ ಸ್ನೇರ್‌ನ (ಚಟಾರನೆ ಸಿಡಿಯುವ ಡ್ರಮ್‌ನ) ಏಟುಗಳು ಮಿತಿ ದಾಟಿ ತಲೆ ಕತ್ತರಿಸಿಕೊಳ್ಳುತ್ತವೆ. ಮಟ್ಟ ಸಮವಾದ ಮೇಲೆ ರೀಮಾಸ್ಟರ್ ಎಷ್ಟೋ ಸಲ ಚಪ್ಪಟೆಯಾಗಿ ಕೇಳಿಸುತ್ತದೆ, ಏಕೆಂದರೆ ಅದರ ಏಟುಗಳನ್ನು ಮೊದಲೇ ಅದುಮಲಾಗಿದೆ. ಅನುಮಾನವಿದ್ದರೆ ಸ್ನೇಹಿತರೊಬ್ಬರು ಯಾವುದೆಂದು ಹೇಳದೆ 10 ಸಲ ಹಾಕಲಿ. 9 ಸಲ ಸರಿಯಾಗಿ ಗುರುತಿಸಿದರೆ ಆ ವ್ಯತ್ಯಾಸ ನಿಜವಾಗಿಯೂ ಕೇಳಿಸುತ್ತಿದೆ ಎಂದು ನಂಬಬಹುದು. 6 ಬಂದರೆ ಅದು ಊಹೆ.

ಈಗ ಕೇಳುವುದಕ್ಕೆ ಕೂರಿ. ಮೊದಲು ಕಿವಿ ಕೊಡಬೇಕಾದದ್ದು ಸ್ನೇರ್ ಡ್ರಮ್‌ಗೆ, ಗಾಯಕನಿಗಲ್ಲ. 80ರ ದಶಕದ ಆ ‘ಧಡಾಲ್’ ಎನ್ನುವ ಏಟಿನ ಗುಟ್ಟು ಗೇಟೆಡ್ ರಿವರ್ಬ್: ದೊಡ್ಡ ಪ್ರತಿಧ್ವನಿ ಏಳುತ್ತದೆ, ಸಹಜವಾಗಿ ಕರಗುವ ಮೊದಲೇ ನಾಯ್ಸ್ ಗೇಟ್ (ಮಟ್ಟ ಇಳಿದೊಡನೆ ಸದ್ದು ಮುಚ್ಚುವ ಸಾಧನ) ಅದರ ಬಾಲವನ್ನು ತುಂಡರಿಸುತ್ತದೆ. ಏಟು ದೊಡ್ಡದು, ಹಿಂದೆಯೇ ಮೌನ. ಇದಕ್ಕೆ ಎದುರಾಗಿ ನಿರ್ವಾಣ ಬ್ಯಾಂಡ್‌ನ ‘ಇನ್ ಯೂಟೆರೋ’ (1993) ಇಟ್ಟು ನೋಡಿ. ‘ಸೆಂಟ್‌ಲೆಸ್ ಅಪ್ರೆಂಟಿಸ್’ ಬರೀ ಡ್ರಮ್ಸ್‌ನಿಂದ ತೆರೆದುಕೊಳ್ಳುತ್ತದೆ. ಪ್ರತಿ ಏಟಿನ ಹಿಂದೆ ಕೋಣೆಯ ಗೋಡೆಗಳೇ ಕೇಳಿಸುತ್ತವೆ. ಡ್ರಮ್ಸ್‌ನಿಂದ ದೂರಕ್ಕೂ ಮೈಕ್ ಇಟ್ಟು ರೆಕಾರ್ಡ್ ಮಾಡಿದ ಸ್ಟೀವ್ ಆಲ್ಬಿನಿಯ ಕೈವಾಡ ಅದು. ಎರಡು ವರ್ಷ ಹಿಂದಿನ ‘ನೆವರ್‌ಮೈಂಡ್’ನಲ್ಲೂ ನುಡಿಸಿದವನು ಡೇವ್ ಗ್ರೋಲ್, ಆದರೆ ಅದರ ಮಿಕ್ಸ್ ಆ್ಯಂಡಿ ವಾಲೆಸ್‌ನದು. ನುಣುಪಿಗೂ ಒರಟಿಗೂ ನಡುವಿನ ದೂರ ಮುಖ್ಯವಾಗಿ ಸ್ಟುಡಿಯೊದಲ್ಲಿ ಹುಟ್ಟಿದ್ದು. ಒಂದು ಎಚ್ಚರಿಕೆ: ‘ಹಾರ್ಟ್-ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’ ಹಾಡುಗಳನ್ನು ಸ್ಕಾಟ್ ಲಿಟ್ ಮತ್ತೆ ಮಿಕ್ಸ್ ಮಾಡಿದ್ದರಿಂದ, ಆಲ್ಬಿನಿಯನ್ನು ಅಳೆಯಲು ಆ ಎರಡನ್ನು ಆರಿಸಬೇಡಿ.

ಬೇಸ್ ವಿಷಯಕ್ಕೆ ಬಂದರೆ ಮೆಟಾಲಿಕಾದ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ (1988) ತಪ್ಪಿಸಿಕೊಳ್ಳಲಾಗದ ಚರ್ಚೆ. ಜೇಸನ್ ನ್ಯೂಸ್ಟೆಡ್ ನುಡಿಸಿದ್ದಾನೆ, ಆದರೆ ಮಿಕ್ಸ್‌ನಲ್ಲಿ ಅವನ ವಾದ್ಯ ಕೇಳಿಸುವುದೇ ಇಲ್ಲ ಎನ್ನುವಷ್ಟು ಕೆಳಗಿದೆ. ಈಕ್ವಲೈಜರ್‌ನಲ್ಲಿ 100 ಹರ್ಟ್ಜ್ ಏರಿಸಿದರೆ ಸರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಹೋಗುವುದಿಲ್ಲ. ಆಗ ಮೇಲೇಳುವುದು ಕಿಕ್ ಡ್ರಮ್ ಮತ್ತು ರಿದಂ ಗಿಟಾರ್‌ನ ತಳಭಾಗ. ಬೇಸ್ ಬಹುಮಟ್ಟಿಗೆ ಗಿಟಾರ್‌ನ ಅದೇ ರಿಫ್ಫನ್ನೇ (ಮರುಕಳಿಸುವ ಸ್ವರಗುಚ್ಛವನ್ನೇ) ಹಿಂಬಾಲಿಸುವುದರಿಂದ ಅದರಡಿಯಲ್ಲೇ ಹೂತುಹೋಗಿರುತ್ತದೆ. ಹಾಗಾಗಿ ‘ನ್ಯೂಸ್ಟೆಡ್ ದುರ್ಬಲ’ ಎಂದು ಹೇಳಲು ಈ ಆಲ್ಬಂ ಸಾಕ್ಷಿಯೇ ಅಲ್ಲ. ಅವನನ್ನು ‘ಮೆಟಾಲಿಕಾ’ ಎಂಬ ಹೆಸರಿನದೇ ಆದ 1991ರ ಕಪ್ಪು ಹೊದಿಕೆಯ ಆಲ್ಬಂನಲ್ಲಿ ಕೇಳಿ.

ಉದ್ದವೂ ತೀರ್ಪು ಕೆಡಿಸುತ್ತದೆ. ಎಲ್‌ಪಿಯ ಒಂದು ಬದಿಗೆ 20–22 ನಿಮಿಷ ಹಿತ. ಸಿಡಿ 74 ನಿಮಿಷ, ಆಮೇಲೆ ಇನ್ನೂ ತುಸು ಹೆಚ್ಚು ಕೊಟ್ಟ ಮೇಲೆ ಆಲ್ಬಂಗಳು ಹಿಗ್ಗಿದವು. ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ (1986) ಅರ್ಧ ಗಂಟೆಯೂ ಇಲ್ಲ. ಗನ್ಸ್ ಎನ್ ರೋಸಸ್‌ನ ‘ಯೂಸ್ ಯುವರ್ ಇಲ್ಯೂಷನ್’ (1991) ಎರಡು ಭಾಗಗಳೂ ತಲಾ 75 ನಿಮಿಷ ದಾಟುತ್ತವೆ. ಎಷ್ಟು ಹಾಡು ಜೊಳ್ಳು ಎಂದು ಎಣಿಸುವ ಬದಲು, ಎರಡು ಕಡೆಯಿಂದಲೂ ಅತ್ಯುತ್ತಮ 40 ನಿಮಿಷ ಆರಿಸಿ ಎದುರುಬದುರು ಇಡಿ.

ಯಾರು ಯಾರನ್ನು ಅನುಸರಿಸಿದರು ಎನ್ನುವ ವಾದಕ್ಕೆ ದಿನಾಂಕ ಬೇಕು. ‘ಟೆನ್’ ಬಿಡುಗಡೆಯಾದದ್ದು 1991ರ ಆಗಸ್ಟ್ 27ಕ್ಕೆ, ‘ನೆವರ್‌ಮೈಂಡ್’ ಸೆಪ್ಟೆಂಬರ್ 24ಕ್ಕೆ. ‘ಟೆನ್’ ಜನಪ್ರಿಯವಾದದ್ದು ತಡವಾಗಿ, ಅದಕ್ಕೇ ಹಿಂದೆ ಬಂದದ್ದೆಂಬ ಭ್ರಮೆ. ಗನ್ಸ್ ಎನ್ ರೋಸಸ್‌ನ ‘ಅಪೆಟೈಟ್ ಫಾರ್ ಡಿಸ್ಟ್ರಕ್ಷನ್’ ಸಹ 1987ರ ಜುಲೈನಲ್ಲಿ ಬಂದು, ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು 1988ರ ಆಗಸ್ಟ್‌ನಲ್ಲಿ.

ಅಭಿಪ್ರಾಯ ಬರೆಯುವಾಗ ಆಲ್ಬಂ, ಆವೃತ್ತಿಯ ವರ್ಷ, ಹಾಡು, ನಿಮಿಷ–ಸೆಕೆಂಡ್ ಇಷ್ಟು ಕೊಡಿ. ‘ಡ್ರಮ್ಸ್ ಸಪ್ಪೆ’ ಎಂದರೆ ಎದುರಿನವರು ಏನು ಹುಡುಕಬೇಕು? ‘2002ರ ಪ್ರತಿಯಲ್ಲಿ ಗಿಟಾರ್ ಸೋಲೋ ಶುರುವಾಗುವಲ್ಲಿ ಸ್ನೇರ್ ಹಿಂದೆ ಸರಿಯುತ್ತದೆ’ ಎಂದು ಸಮಯ ಸಮೇತ ಬರೆದರೆ, ಅವರು ಅದೇ ಜಾಗಕ್ಕೆ ಹೋಗಿ ಕೇಳಿ ಉತ್ತರಿಸಬಹುದು.