ಗಟ್ಟಿಮೇಳ ನುಡಿಸಿದವರೇ ಬೇಕಿತ್ತು

ರಾಗ ಇಲ್ಲ, ತಾಳ ಇಲ್ಲ, ಮೊದಲೇ ಗೊತ್ತು ಮಾಡಿಕೊಂಡ ಹಾಡೂ ಇಲ್ಲ. ಜನರ ಮುಂದೆ ಕೂತ ಮೇಲೆ ಏನು ಹುಟ್ಟುತ್ತದೋ ಅದೇ ಕಾರ್ಯಕ್ರಮ. ಫ್ರೀ ಇಂಪ್ರೊವೈಸೇಶನ್ ಅಂದರೆ ಇಷ್ಟೇ. "ನಮ್ಮಲ್ಲೂ ಮನೋಧರ್ಮ ಇದೆಯಲ್ಲ, ಅಲ್ಲೇ ಕಟ್ಟಿ ನುಡಿಸುವುದು" ಎಂದು ಕರ್ನಾಟಕ ಸಂಗೀತದ ಗೆಳೆಯರು ಕೇಳುತ್ತಾರೆ. ಇದೆ. ಆದರೆ ಆಲಾಪನೆಗೆ ರಾಗದ ಚೌಕಟ್ಟಿದೆ, ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನಕ್ಕೆ ತಾಳದ ಲೆಕ್ಕವಿದೆ. ಇಲ್ಲಿ ಎರಡೂ ಇಲ್ಲ. ಪಕ್ಕದಲ್ಲಿ ಕೂತವರು ಏನು ಮಾಡುತ್ತಿದ್ದಾರೆ ಎಂದು ಕೇಳಿಸಿಕೊಳ್ಳುವುದೊಂದೇ ದಾರಿ.

ನಾನು ಪಿಟೀಲಿನವನು. ಬೆಂಗಳೂರಿನ ಸಭೆಗಳಲ್ಲಿ ಹಾಡುಗಾರರಿಗೆ ಪಕ್ಕವಾದ್ಯ ನುಡಿಸಿಯೇ ಬೆಳೆದವನು. ಈ ಊರಿಗೆ ಬೆರಕೆ ಸಂಗೀತ ಹೊಸದೇನಲ್ಲ. ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲೇ ಆಲ್ಬಂ ಮಾಡಿದ್ದಾರೆ. ಆದರೆ ನನಗೆ ಫ್ಯೂಷನ್ ಬೇಕಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೇಲಿ 1976ರಲ್ಲಿ ಶುರು ಮಾಡಿದ 'ಕಂಪನಿ'. ಅದು ಕಾಯಂ ತಂಡವಲ್ಲ. ಬೇರೆ ಬೇರೆ ಹಿನ್ನೆಲೆಯವರನ್ನು ಕೂಡಿಸಿ, ಇಬ್ಬಿಬ್ಬರು, ಮೂವರು, ಹೀಗೆ ಜೋಡಿ ಬದಲಿಸುತ್ತಾ ನುಡಿಸುವ ಏರ್ಪಾಡು. ಯಾವ ವಾದ್ಯ ಅನ್ನುವುದು ಆಮೇಲಿನ ಮಾತು, ಮೊದಲು ಜನ.

ಹಾಗಾದರೆ ಯಾರನ್ನು ಕರೆಯುವುದು? ಕಛೇರಿಯ ದೊಡ್ಡ ಹೆಸರುಗಳನ್ನು ನಾನು ಕೇಳಲೇ ಇಲ್ಲ. ಅವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಉಳಿದವರು ತಮ್ಮನ್ನು ಹಿಂಬಾಲಿಸುವುದು ಅವರಿಗೆ ರೂಢಿಯಾಗಿರುತ್ತದೆ. ಬೇರೆಯವರ ಕೆಲಸಕ್ಕೆ ತಕ್ಕಂತೆ ನುಡಿಸಿ ಪಳಗಿದವರು ನನಗೆ ಬೇಕಿದ್ದರು.

ಮೊದಲು ಸಿಕ್ಕವನು ಬಂಟ್ವಾಳದ ಕಡೆಯ ಸ್ಯಾಕ್ಸೋಫೋನ್ ಹುಡುಗ. ಕದ್ರಿ ಗೋಪಾಲನಾಥರ ನಂತರ ಆ ಕಡೆ ಮದುವೆ, ದೇವಸ್ಥಾನ ಎಲ್ಲ ಕಡೆ ಸ್ಯಾಕ್ಸೋಫೋನ್ ಮಾಮೂಲು. ಅವನು ಮಂಟಪದ ಪಕ್ಕ ಕೂತು ನುಡಿಸುವುದನ್ನು ನೋಡಿದ್ದೆ. ಕಲ್ಯಾಣಿ ರಾಗ ಒಳ್ಳೆ ಹದಕ್ಕೆ ಬಂದಿತ್ತು. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ!" ಅಂದರು. ಅರ್ಧ ಸ್ವರದಲ್ಲಿ ಕಲ್ಯಾಣಿಯನ್ನು ಬಿಟ್ಟು ಅಬ್ಬರಕ್ಕೆ ಹಾರಿದ. ತಾಳಿ ಕಟ್ಟಿ ಮುಗಿಯಿತು, ಕೈ ಇಳಿಯಿತು, ಅವನೂ ತಣ್ಣಗಾದ. ಮುಖದಲ್ಲಿ ಒಂದಿಷ್ಟೂ ಬೇಸರವಿಲ್ಲ. ಚೆನ್ನಾಗಿ ಕೂಡಿಬಂದದ್ದನ್ನು ಆ ಕ್ಷಣಕ್ಕೆ ಕೈಬಿಡುವುದು ಎಷ್ಟು ಕಷ್ಟ ಅಂತ ಕಛೇರಿ ಮಾಡುವವರಿಗೆ ಗೊತ್ತು, ಅಲ್ವಾ?

ಎರಡನೆಯವರು ತೆಂಕುತಿಟ್ಟು ಯಕ್ಷಗಾನದ ಚೆಂಡೆಯವರು, ವಯಸ್ಸಿನಲ್ಲಿ ನಮಗೆಲ್ಲ ಹಿರಿಯರು. ಪಾತ್ರಧಾರಿ ಅರ್ಥ, ಅಂದರೆ ಮಾತು, ಹೇಳುವಷ್ಟು ಹೊತ್ತೂ ಕೋಲು ಕೈಯಲ್ಲಿಟ್ಟುಕೊಂಡು ಸುಮ್ಮನಿರುವುದು ಅವರಿಗೆ ರಾತ್ರಿಯಿಡೀ ಅಭ್ಯಾಸ. ಆಮೇಲೆ ನಾಟಕದ ಹಾಡುಗಾರ್ತಿಯೊಬ್ಬರು. ಬಿ.ವಿ. ಕಾರಂತರ ರಂಗಸಂಗೀತ ಕೇಳಿ ಬೆಳೆದವರಿಗೆ, ಪದವಿಲ್ಲದೆ ಬರೀ ಉಸಿರಿನಲ್ಲಿ ಏನಾದರೂ ಮಾಡಿ ಅಂದರೆ ಯಾಕೆ ಅಂತ ಕೇಳುವುದಿಲ್ಲ. ಇನ್ನೊಬ್ಬ ಸಾಫ್ಟ್‌ವೇರ್ ಕೆಲಸದವನು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಿಂದ, ಅಲುಗಾಟವನ್ನು ಮೈಕ್‌ನಂತೆ ಹಿಡಿಯುವ ಪಿಯೆಜೊ ಡಿಸ್ಕ್ ತಂದು, ವೈರ್ ಬೆಸುಗೆ ಹಾಕಿ, ತಗಡು, ಸ್ಪ್ರಿಂಗ್, ಬಾಣಲೆಗೆಲ್ಲ ಅಂಟಿಸಿ ಆಂಪ್ಲಿಫೈಯರ್‌ಗೆ ಕೊಡುತ್ತಾನೆ. ಜೊತೆಗೆ ನನ್ನ ಹಳೆಯ ಗೆಳೆಯ, ಮೃದಂಗದವನು. ನಾನು ಸೇರಿ ಆರು ಜನ.

ಇವರನ್ನೆಲ್ಲ ಒಟ್ಟಿಗೆ ಹಿಡಿಯುವುದಕ್ಕೆ ಒಂದೇ ಕಾಲ: ಆಷಾಢ. ಆಗ ಮದುವೆ ಇಲ್ಲ, ಸ್ಯಾಕ್ಸೋಫೋನ್ ಬಿಡುವು. ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದಿರುತ್ತದೆ, ಚೆಂಡೆಯೂ ಬಿಡುವು.

ಮೊದಲ ಅಭ್ಯಾಸದಲ್ಲೇ "ಶ್ರುತಿ ಎಷ್ಟು?" ಎಂಬ ಪ್ರಶ್ನೆ ಬಂತು. ಚೆಂಡೆಯವರು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಕಪ್ಪು ಎರಡೋ ಮೂರೋ ಅಂತ ಕೇಳಿದರು. ಯಾವುದೂ ಬೇಡ, ಅವರವರ ವಾದ್ಯ ಹೇಗಿದೆಯೋ ಹಾಗೇ ಇರಲಿ ಅಂದೆ. ತಂಬೂರಿಯನ್ನೂ ಇಡಲಿಲ್ಲ. ತಂಬೂರಿ ಮೀಟಿದ ತಕ್ಷಣ ನಮ್ಮವರ ಕಿವಿ ಷಡ್ಜ, ಅಂದರೆ ಆಧಾರ ಸ್ವರ, ಹಿಡಿಯುತ್ತದೆ. ಷಡ್ಜ ಸಿಕ್ಕರೆ ರಾಗ ತಾನಾಗಿ ಬರುತ್ತದೆ. ರಾಗ ಬಂದರೆ ತಗಡಿನ ಹುಡುಗನಿಗೆ ಅಲ್ಲಿ ಕೆಲಸವಿಲ್ಲ.

ಅಭ್ಯಾಸಕ್ಕೆ ಲಂಡನ್ನಿನ ಡ್ರಮ್ಮರ್ ಜಾನ್ ಸ್ಟೀವನ್ಸ್ ಹೇಳಿಕೊಡುತ್ತಿದ್ದ ಎರಡು ಪಾಠಗಳನ್ನು ತೆಗೆದುಕೊಂಡೆ. ಮೊದಲನೆಯದು, ಪ್ರತಿಯೊಬ್ಬರೂ ತಮ್ಮಿಂದ ಸಾಧ್ಯವಾದಷ್ಟು ಕಡಿಮೆ ಹೊತ್ತಿನ ಸದ್ದನ್ನಷ್ಟೇ ಮಾಡುವುದು. ಶುರುವಿಗೆ ಹುರಿಗಾಳು ಚೆಲ್ಲಿದ ಹಾಗಿರುತ್ತದೆ. ಬಿಡದೆ ಮಾಡಿದರೆ ಯಾರೂ ಹಾಕದ ಒಂದು ನಡೆ ತಾನಾಗಿ ಕೇಳಿಸತೊಡಗುತ್ತದೆ. ಎರಡನೆಯದು, ಒಂದು ಉಸಿರಿನಷ್ಟು ಹೊತ್ತು ಒಂದೇ ಸ್ವರ ಎಳೆಯುವುದು. ಪಿಟೀಲಿಗೆ ಒಂದು ಕಮಾನು, ಸುಲಭ. ಚರ್ಮವಾದ್ಯದವರು ಏನು ಮಾಡಬೇಕು? ಮೃದಂಗದವನು ಎಡಬದಿಯ ತೊಪ್ಪಿಯ ಮೇಲೆ ಅಂಗೈ ಒತ್ತಿ ಉಜ್ಜುತ್ತಾ ಗುಮ್ಕಿಯ ಗುಂಯ್ ಸದ್ದನ್ನೇ ಉದ್ದಕ್ಕೆ ಎಳೆದ. ಚೆಂಡೆಯವರು ಹೆಬ್ಬೆರಳಿಗೆ ಎಂಜಲು ಹಚ್ಚಿ ಚರ್ಮದ ಮೇಲೆ ಎಳೆದರು. ಎಮ್ಮೆ ನರಳಿದಂಥ ಸದ್ದು! ಹಾಡುಗಾರ್ತಿ ಅದೇ ಸದ್ದನ್ನು ಗಂಟಲಲ್ಲಿ ಹಿಡಿದರು. ನಮ್ಮ ತಂಡ ಶುರುವಾದದ್ದು ಅಲ್ಲಿಂದ ಅಂತ ನನ್ನ ಲೆಕ್ಕ.

ಜಾಸ್ತಿ ಹೊತ್ತು ತಿಂದದ್ದು ಮುಕ್ತಾಯ. ಮೃದಂಗದ ಕೈ ಎಲ್ಲಿಗೆ ಹೋದರೂ ಕೊನೆಗೆ ಒಂದೇ ತುಣುಕನ್ನು ಮೂರು ಸಲ ನುಡಿಸಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ನಿಲ್ಲುತ್ತದೆ. ತಾಳವೇ ಇಲ್ಲದ ಕಡೆಯೂ ಅವನ ಕೈ ಒಂದು ಸಮ ಹುಡುಕಿಕೊಳ್ಳುತ್ತಿತ್ತು. ಮೂರನೆಯದು ಬಿದ್ದ ತಕ್ಷಣ ನಾವೆಲ್ಲ ಅವನ ಜೊತೆ ನಿಂತುಬಿಡುತ್ತಿದ್ದೆವು. ಮುಕ್ತಾಯ ಬೇಡವೇ ಬೇಡ ಅಂದರೆ ಅವನ ಕೈ ಕಟ್ಟಿದಂತೆ. ಹಾಗಾಗಿ "ಎರಡು ಸಲ ನುಡಿಸು, ಮೂರನೆಯದನ್ನು ಬಿಟ್ಟುಬಿಡು" ಅಂದೆ. "ಎರಡಕ್ಕೇ ನಿಲ್ಲಿಸಿದರೆ ಕೈ ತುರಿಸುತ್ತೆ ಕಣಯ್ಯಾ" ಅಂದ. ಆ ಖಾಲಿ ಜಾಗವೇ ನನಗೆ ಬೇಕಿತ್ತು. ಬರಬೇಕಾದ ಮೂರನೆಯದು ಬರುವುದಿಲ್ಲ, ಎಲ್ಲರ ಕಿವಿ ನೆಟ್ಟಗಾಗುತ್ತದೆ. ಆಗ ತಗಡೋ ಉಸಿರೋ ಅಲ್ಲಿ ಹೊಕ್ಕರೆ ದಾರಿ ಬೇರೆ ಕಡೆ ತಿರುಗುತ್ತದೆ.

ಕೈಸನ್ನೆಯಲ್ಲಿ ತಂಡ ನಡೆಸುವ ಪದ್ಧತಿಯೂ ಇದೆ. ಬುಚ್ ಮಾರಿಸ್ 1985ರಿಂದ ನ್ಯೂಯಾರ್ಕಿನಲ್ಲಿ ಬೆಳೆಸಿದ್ದು. ಇಪ್ಪತ್ತು ಜನ ಇದ್ದರೆ ನಾನೂ ಅದನ್ನೇ ಹಿಡಿಯುತ್ತಿದ್ದೆ. ಆರು ಜನಕ್ಕೆ ಬೇಡ ಅನ್ನಿಸಿತು, ಕಣ್ಣು ಕೈಯ ಕಡೆ ಹೋದರೆ ಕಿವಿ ಸೋಮಾರಿಯಾಗುತ್ತದೆ.

ನುಡಿಸಿದ್ದು ಒಂದು ಸಣ್ಣ ಹಾಲ್‌ನಲ್ಲಿ, ನೆಲದ ಮೇಲೆ, ಕೇಳುವವರ ಎದುರಿಗೇ. ಚೆಂಡೆಗೆ ಮೈಕ್ ಇಲ್ಲ. ಅದನ್ನು ಹಿಂದಿನ ಮೂಲೆಗೆ ಹಾಕಿದೆವು. ತಗಡಿನವನ ಸ್ಪೀಕರ್ ಅವನ ಮೊಣಕಾಲ ಹತ್ತಿರವೇ. ಹಾಲ್‌ನ ದೊಡ್ಡ ಸ್ಪೀಕರ್‌ಗಳಿಗೆ ಎಲ್ಲರನ್ನೂ ಕೊಟ್ಟರೆ ಆರು ಜನರ ಸದ್ದೂ ಎರಡೇ ಡಬ್ಬಿಯಿಂದ ಬರುತ್ತದೆ. ಯಾರು ಯಾರಿಗೆ ಉತ್ತರ ಕೊಟ್ಟರು ಅಂತ ಕೇಳುಗರಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಜೋಡಿಗಳನ್ನು ಅಲ್ಲೇ ಚೀಟಿ ಎತ್ತಿ ನಿರ್ಧರಿಸಿದೆವು, ಕೊನೆಗೆ ಆರೂ ಜನ. ಮುಗಿಸುವುದಕ್ಕೆ ಸನ್ನೆ ಇಲ್ಲ. ಸದ್ದು ನಿಂತು ಯಾರಿಗೂ ಮತ್ತೆ ಶುರು ಮಾಡುವ ಮನಸ್ಸಿಲ್ಲದಿದ್ದರೆ ಅದೇ ಕೊನೆ.

ಆರು ಜನರ ಸರದಿಯಲ್ಲಿ ಚೆಂಡೆಯವರು ಬಹಳ ಹೊತ್ತು ಕೋಲನ್ನೇ ಎತ್ತಲಿಲ್ಲ. ನಾನು ಮತ್ತು ಹಾಡುಗಾರ್ತಿ ತೆಳ್ಳಗೆ ಏನೋ ನೇಯುತ್ತಿದ್ದೆವು. ಮೃದಂಗ ಎರಡು ಸಲ ನುಡಿಸಿ ಬಿಟ್ಟಿತು. ಆ ಮೂರನೆಯ ಜಾಗಕ್ಕೆ ಸರಿಯಾಗಿ ಚೆಂಡೆಯ ಒಂದೇ ಪೆಟ್ಟು ಬಿತ್ತು. ಮರುಕ್ಷಣ ಸ್ಯಾಕ್ಸೋಫೋನ್ ಗಟ್ಟಿಮೇಳದ ಅಬ್ಬರಕ್ಕೆ ಹಾರಿತು. ನಾವು ಏನೂ ಹೇಳಿಕೊಟ್ಟಿರಲಿಲ್ಲ. ಹುಡುಗ ಆಮೇಲೆ, "ಭಟ್ರು ಕೈ ಎತ್ತಿದ ಹಾಗೇ ಆಯ್ತು ಸಾರ್" ಅಂದ.

ಟಿಕೆಟ್ ದುಡ್ಡಿನಲ್ಲಿ ಮೊದಲು ಊರಿಂದ ಬಂದವರ ಬಸ್ ಖರ್ಚು ತೆಗೆದೆವು, ಉಳಿದದ್ದು ಆರು ಸಮಪಾಲು. ಕರೆದವನು ನಾನೇ ಅಂತ ನನಗೆ ಹೆಚ್ಚಿಲ್ಲ. ಮುಂದಿನ ಆಷಾಢಕ್ಕೆ ಇದೇ ಆರು ಜನ ಬೇಡ, ಒಬ್ಬರಿಗೊಬ್ಬರು ಅಭ್ಯಾಸವಾಗಿಬಿಡುತ್ತೇವೆ. ಮೃದಂಗದ ಬದಲು ಓಲಗದ ಡೋಲಿನವರೊಬ್ಬರನ್ನು ಕೇಳಿದ್ದೇನೆ. ಇನ್ನೂ ಒಪ್ಪಿಲ್ಲ. ತಾಳವಿಲ್ಲದೆ ನುಡಿಸುವುದಕ್ಕೆ ದುಡ್ಡು ಯಾಕೆ ಕೊಡುತ್ತೀರಿ ಅಂತ ಅವರಿಗೆ ಅನುಮಾನ.