ಮಿಸ್ಟರಿ ಶಾಪಿಂಗ್ ದುಡ್ಡಿಗೆ ರಿಟರ್ನ್ಸ್ ಹಾಕುವುದು: ಕುಂಬಳೆಯಿಂದ ಒಂದು ಲೆಕ್ಕ

ಮೊನ್ನೆ ಪಕ್ಕದ ಮನೆಯ ಹುಡುಗಿ ಮೊಬೈಲ್ ಹಿಡಿದುಕೊಂಡು ಬಂದಳು. "ಟೀಚರೇ, ಸಾವಿರ ರೂಪಾಯಿ ಬರಬೇಕಿತ್ತು, ಒಂಬೈನೂರು ಬಂದಿದೆ. ಮೋಸ ಆಯ್ತಾ?" ಅಂತ ಕೇಳಿದಳು. ಮೋಸ ಅಲ್ಲ, ಅದು ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆ. ಆ ನೂರು ರೂಪಾಯಿ ಅವಳ ಪ್ಯಾನ್ ನಂಬರಿನಲ್ಲಿ ಸರಕಾರದ ಹತ್ತಿರ ಜಮೆ ಆಗಿರುತ್ತದೆ. ಅವಳ ಆದಾಯಕ್ಕೆ ತೆರಿಗೆಯೇ ಬರದಿದ್ದರೆ ಪೂರ್ತಿ ವಾಪಸ್ ಸಿಗುತ್ತದೆ. ಆದರೆ ರಿಟರ್ನ್ಸ್ ಹಾಕಬೇಕು.

ನಾನು ಕುಂಬಳೆಯ ಹತ್ತಿರ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ವಾರಕ್ಕೆ ಎರಡು ಮೂರು ಸಲ ಮಿಸ್ಟರಿ ಶಾಪಿಂಗ್ ಮಾಡುತ್ತೇನೆ. ಜಾಸ್ತಿ ಮಂಗಳೂರಿನಲ್ಲಿ, ಕೆಲವು ಕಾಸರಗೋಡು ಪೇಟೆಯಲ್ಲಿ. ಸಾಮಾನ್ಯ ಗಿರಾಕಿಯ ಹಾಗೆ ಅಂಗಡಿಗೋ ಕಾಫಿ ಶಾಪಿಗೋ ಹೋಗಿ, ಅವರು ಹೇಗೆ ಮಾತಾಡಿಸುತ್ತಾರೆ ಅಂತ ನೋಡಿ, ರಾತ್ರಿ ರಿಪೋರ್ಟ್ ಬರೆಯುವ ಕೆಲಸ. ಏಜೆನ್ಸಿ ಕೊಡುವ ದುಡ್ಡಿನಲ್ಲಿ ಎರಡು ಬಗೆ ಉಂಟು. ಒಂದು ನಿಮ್ಮ ಫೀಸು. ಇನ್ನೊಂದು, ಅಲ್ಲಿ ನೀವು ಕೈಯಿಂದ ಕೊಟ್ಟದ್ದರ ವಾಪಸಾತಿ. ಇವೆರಡನ್ನು ಮೊದಲ ದಿನದಿಂದಲೇ ಬೇರೆ ಬೇರೆ ಬರೆದಿಡಿ. ರಿಟರ್ನ್ಸಿನ ಮುಕ್ಕಾಲು ಕೆಲಸ ಅಲ್ಲಿಗೇ ಮುಗಿಯುತ್ತದೆ.

ನನ್ನದು ಒಂದು ಉದ್ದ ನೋಟ್‌ಬುಕ್. ಒಂದು ಭಾನುವಾರದ ಸಾಲು ಹೀಗಿದೆ: ಮಂಗಳೂರು, ಕಾಫಿ ಶಾಪ್, ಫೀಸು 450, ಬಿಲ್ 310, ರೈಲು ಬಸ್ಸು ಸೇರಿ 70, ದುಡ್ಡು ಬಂದ ತಾರೀಕು. ಅಷ್ಟೇ. ಬಿಲ್ಲನ್ನು ಅದೇ ಪುಟಕ್ಕೆ ಪಿನ್ ಮಾಡುತ್ತೇನೆ. ಆದರೆ ಪಿನ್ ಮಾಡಿದರೆ ಸಾಲದು. ಈಗಿನ ಬಿಲ್ಲುಗಳು ಥರ್ಮಲ್ ಕಾಗದದವು. ಮೊದಲ ವರ್ಷ ಪರ್ಸಿನೊಳಗೆ ಇಟ್ಟ ಪೆಟ್ರೋಲ್ ಬಿಲ್ಲುಗಳನ್ನು ಜೂನ್ ತಿಂಗಳ ಮಳೆಗೆ ತೆಗೆದು ನೋಡಿದರೆ ಒಂದರಲ್ಲೂ ಅಕ್ಷರ ಇಲ್ಲ, ಬಿಳಿ ಚೀಟಿ ಮಾತ್ರ. ಅಂದಿನಿಂದ ಅಂಗಡಿ ಮೆಟ್ಟಿಲು ಇಳಿದ ಕೂಡಲೇ ಫೋಟೋ ತೆಗೆಯುತ್ತೇನೆ. ಇನ್ನೊಂದು ವಿಷಯ: ನಮ್ಮ ಕೆಲಸದಲ್ಲಿ ಗುಟ್ಟು ಬಿಡುವ ಹಾಗಿಲ್ಲ, ಅದಕ್ಕೆ ಬಿಲ್ಲಿನಲ್ಲಿ ನಮ್ಮ ಹೆಸರೇ ಇರುವುದಿಲ್ಲ. ಆ ಬಿಲ್ ನಮ್ಮದೇ ಅಂತ ತೋರಿಸಲು ಏಜೆನ್ಸಿ ಕಳಿಸಿದ ಅಸೈನ್‌ಮೆಂಟ್ ಮೇಲ್ ಬೇಕು. ಅದನ್ನು ಅಳಿಸಬೇಡಿ.

ಈಗ 2024-25ರ ನನ್ನ ಲೆಕ್ಕ ಹೇಳುತ್ತೇನೆ. ಒಂದು ಏಜೆನ್ಸಿಯಿಂದ 37,000 ಫೀಸು, 24,000 ವಾಪಸಾತಿ. ಇನ್ನೊಂದರಿಂದ 15,300 ಫೀಸು, 10,100 ವಾಪಸಾತಿ. ಮೊದಲನೆಯವರು ಎರಡನ್ನೂ ಒಟ್ಟು ಸೇರಿಸಿ 61,000ಕ್ಕೆ 194ಜೆ ಸೆಕ್ಷನ್ (ವೃತ್ತಿ ಫೀಸಿನ ಟಿಡಿಎಸ್) ಪ್ರಕಾರ ಶೇಕಡ 10, ಅಂದರೆ 6,100 ಹಿಡಿದರು. ನಾನು ಕುಡಿದ ಕಾಫಿಯ ದುಡ್ಡಿಗೂ ಟಿಡಿಎಸ್! ಬೇಜಾರಾಯಿತು. ಫೀಸಿಗೆ ಒಂದು ಬಿಲ್, ವಾಪಸಾತಿಗೆ ಬೇರೆ ಬಿಲ್ ಕಳಿಸುತ್ತೇನೆ ಅಂತ ಆಮೇಲೆ ಮೇಲ್ ಬರೆದೆ. ನೀವು ಶುರುವಿನಲ್ಲೇ ಕೇಳಿಬಿಡಿ. ಎರಡನೆಯವರದ್ದು ಒಟ್ಟು 30,000ದ ಒಳಗೆ ಇತ್ತು, ಅದಕ್ಕೆ ಅವರು ಏನೂ ಹಿಡಿಯಲಿಲ್ಲ. 2025ರ ಏಪ್ರಿಲ್‌ನಿಂದ ಆ ಮಿತಿ 50,000 ಆಗಿದೆ. ಕೆಲವರು 194ಸಿ (ಗುತ್ತಿಗೆ ಕೆಲಸದ್ದು) ಪ್ರಕಾರ ಶೇಕಡ 1 ಮಾತ್ರ ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇಕಡ 20 ಹೋಗುತ್ತದೆ, ಜಾಗ್ರತೆ.

ಟಿಡಿಎಸ್ ಹಿಡಿಯದಿದ್ದರೆ ಆದಾಯ ತೋರಿಸಬೇಕಾಗಿಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಎರಡನೇ ಏಜೆನ್ಸಿಯ ದುಡ್ಡೂ ಆದಾಯವೇ.

ಜೂನ್ 15 ಕಳೆಯುವ ತನಕ ಕಾಯಿರಿ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಕೊಡಲು ಕಂಪನಿಗಳಿಗೆ ಮೇ 31ರ ತನಕ ಸಮಯ ಇರುತ್ತದೆ. ಅದಕ್ಕೂ ಮೊದಲೇ ರಿಟರ್ನ್ಸ್ ಹಾಕಿದರೆ ಕೆಲವು ಮೊತ್ತ ಕಾಣಿಸುವುದಿಲ್ಲ. ಆಮೇಲೆ ಆದಾಯ ತೆರಿಗೆ ಪೋರ್ಟಲ್ಲಿಗೆ ಲಾಗಿನ್ ಆಗಿ 26ಎಎಸ್ (ನಿಮ್ಮ ಪ್ಯಾನ್ ನಂಬರಿನಲ್ಲಿ ಹಿಡಿದ ಟಿಡಿಎಸ್ ಪಟ್ಟಿ) ಮತ್ತು ಎಐಎಸ್ (ವರ್ಷದ ಆದಾಯ, ವ್ಯವಹಾರಗಳ ಪಟ್ಟಿ) ಎರಡನ್ನೂ ಇಳಿಸಿಕೊಳ್ಳಿ. ನೋಟ್‌ಬುಕ್ ಪಕ್ಕಕ್ಕಿಟ್ಟು ಒಂದೊಂದೇ ಸಾಲು ಟಿಕ್ ಹಾಕಿ. ಎಐಎಸ್‌ನಲ್ಲಿ ನಿಮ್ಮದಲ್ಲದ್ದು ಇದ್ದರೆ ಅಲ್ಲೇ ಫೀಡ್‌ಬ್ಯಾಕ್ ಕೊಡಬಹುದು. ಮಾರ್ಚ್‌ನಲ್ಲಿ ಮಾಡಿದ ಕೆಲಸದ ದುಡ್ಡು ಮೇ ತಿಂಗಳಲ್ಲಿ ಬರುವುದು ನಮ್ಮಲ್ಲಿ ಮಾಮೂಲು. ಅದರ ಟಿಡಿಎಸ್ ಯಾವ ವರ್ಷದ 26ಎಎಸ್‌ನಲ್ಲಿ ಬಂದಿದೆಯೋ, ಆದಾಯವನ್ನೂ ಆ ವರ್ಷಕ್ಕೇ ಸೇರಿಸಿ.

ಯಾವ ಫಾರ್ಮ್? ನಮ್ಮ ಶಾಲೆಯವರೆಲ್ಲ ಐಟಿಆರ್-1 ಹಾಕುತ್ತಾರೆ. ನಮಗೆ ಅದು ಆಗುವುದಿಲ್ಲ, ವ್ಯವಹಾರದ ಆದಾಯಕ್ಕೆ ಅದರಲ್ಲಿ ಜಾಗವೇ ಇಲ್ಲ. ನಾನು ಹಾಕಿದ್ದು ಐಟಿಆರ್-4, ಅಂದರೆ ಸುಗಮ್. ಸಂಬಳವನ್ನೂ ಅದರಲ್ಲೇ ತೋರಿಸಬಹುದು. 44ಎಡಿ ಸೆಕ್ಷನ್ ಕೆಳಗೆ, ಅಂದರೆ ಸಣ್ಣ ವ್ಯವಹಾರದವರು ಪೂರ್ತಿ ಲೆಕ್ಕಪುಸ್ತಕ ಇಡದೆ ಲಾಭ ತೋರಿಸುವ ನಿಯಮದಲ್ಲಿ, ಬ್ಯಾಂಕ್ ಮೂಲಕ ಬಂದ ವಹಿವಾಟಿನ ಕನಿಷ್ಠ ಶೇಕಡ 6ನ್ನು ಲಾಭ ಅಂತ ತೋರಿಸಬೇಕು. ನಗದಿಗೆ ಶೇಕಡ 8. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. "ಶೇಕಡ 6 ತೋರಿಸಿದರೆ ಸಾಕು" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಕನಿಷ್ಠ ಮಾತ್ರ. ನಿಜವಾಗಿ ಉಳಿದದ್ದು ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಬರೆಯಬೇಕು.

ನಾನು ಬರೆದದ್ದು ಹೀಗೆ. ಒಟ್ಟು ವಹಿವಾಟು 86,400. ಅದರಲ್ಲಿ ವಾಪಸಾತಿ 34,100, ಪ್ರಯಾಣ 9,800, ಫೋನ್ ಖರ್ಚಿನಲ್ಲಿ ಈ ಕೆಲಸದ ಪಾಲು 2,400. ಉಳಿದದ್ದು 40,100. ಅದೇ ನನ್ನ ಲಾಭ. ವಹಿವಾಟಿನ ಸಾಲಿನಲ್ಲಿ ವಾಪಸಾತಿಯನ್ನು ಬೇಕೆಂದೇ ಸೇರಿಸಿದೆ. 26ಎಎಸ್‌ನಲ್ಲಿ 61,000 ಇರುವಾಗ ನಾನು ಬರೀ ಫೀಸು ತೋರಿಸಿದರೆ ಎರಡೂ ತಾಳೆಯಾಗುವುದಿಲ್ಲ, ಸುಮ್ನೆ ನೋಟಿಸಿಗೆ ದಾರಿ. ಮಾರ್ಚ್ 31ಕ್ಕೆ ಬರಬೇಕಾದ ಬಾಕಿ, ಕೈಯಲ್ಲಿದ್ದ ನಗದು ಎಷ್ಟು ಅಂತಲೂ ಫಾರ್ಮ್ ಕೇಳುತ್ತದೆ, ಅದಕ್ಕೂ ನೋಟ್‌ಬುಕ್ಕೇ ಆಧಾರ. ಸಂಬಳ 2,40,000. ತೆರಿಗೆಯ ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 1,65,000. ಈ 40,100 ಸೇರಿಸಿ ಒಟ್ಟು 2,05,100. ಆ ವರ್ಷ 3 ಲಕ್ಷದ ತನಕ ತೆರಿಗೆ ಇರಲಿಲ್ಲ. ಹಾಗಾಗಿ 6,100 ಪೂರ್ತಿ ವಾಪಸ್. ಸ್ಟ್ಯಾಂಡರ್ಡ್ ಡಿಡಕ್ಷನ್ ಸಂಬಳಕ್ಕೆ ಮಾತ್ರ, ಮಿಸ್ಟರಿ ಶಾಪಿಂಗ್ ದುಡ್ಡಿಗೆ ಅದು ಸಿಗುವುದಿಲ್ಲ.

ನಿಮ್ಮ 26ಎಎಸ್‌ನಲ್ಲಿ 194ಎಚ್ ಅಂತ ಇದ್ದರೆ, ಏಜೆನ್ಸಿ ಅದನ್ನು ಕಮಿಷನ್ ಅಂತ ತೋರಿಸಿದೆ. ಕಮಿಷನ್ ಆದಾಯಕ್ಕೆ 44ಎಡಿ ಇಲ್ಲ. ಆಗ ಐಟಿಆರ್-3 ಹಾಕಬೇಕು, ಒಬ್ಬ ಸಿಎ ಹತ್ತಿರ ಹೋಗುವುದೇ ಒಳ್ಳೆಯದು. ಹಳೇ ಪದ್ಧತಿ ಬೇಕು ಅನ್ನುವವರು ರಿಟರ್ನ್ಸಿಗಿಂತ ಮೊದಲು ಫಾರ್ಮ್ 10-ಐಇಎ ಹಾಕಬೇಕು. ಜಿಎಸ್‌ಟಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಾವು ಕೇರಳದಲ್ಲಿ, ಏಜೆನ್ಸಿ ಬೇರೆ ರಾಜ್ಯದಲ್ಲಿ ಇದ್ದರೂ, ವರ್ಷದ ವಹಿವಾಟು 20 ಲಕ್ಷ ದಾಟದ ತನಕ ಸೇವೆಗೆ ನೋಂದಣಿ ಬೇಡ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಇರುವುದರಿಂದ, ಅಲ್ಲಿಂದ ಮುಂದಿನ ಆದಾಯಕ್ಕೆ ನಾನು ಹೇಳಿದ ಸೆಕ್ಷನ್ ನಂಬರುಗಳು ಬೇರೆಯಾಗುತ್ತವೆ.

ಸಬ್‌ಮಿಟ್ ಒತ್ತಿದ ಮೇಲೆ 30 ದಿನದೊಳಗೆ ಇ-ವೆರಿಫೈ (ಈ ರಿಟರ್ನ್ಸ್ ನನ್ನದೇ ಅಂತ ಖಚಿತಪಡಿಸುವುದು) ಮಾಡಬೇಕು. ಮಾಡದಿದ್ದರೆ ಹಾಕಿದ ರಿಟರ್ನ್ಸ್ ಲೆಕ್ಕಕ್ಕೇ ಇಲ್ಲ. ಸುಲಭದ ದಾರಿ ಆಧಾರ್ ಒಟಿಪಿ. ನನ್ನ ಆಧಾರ್‌ನಲ್ಲಿ ಹಳೇ ನಂಬರ್ ಇತ್ತು, ಒಟಿಪಿ ಬರಲೇ ಇಲ್ಲ. ಅಕ್ಷಯ ಕೇಂದ್ರಕ್ಕೆ (ಕೇರಳ ಸರಕಾರದ ಸೇವಾ ಕೇಂದ್ರ) ಹೋಗಿ ನಂಬರ್ ಬದಲಾಯಿಸಿ, ಅದು ಸರಿಯಾಗುವ ತನಕ ಕಾದೆ. ಈ ಕೆಲಸವನ್ನು ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳಿ. ಬ್ಯಾಂಕ್ ಖಾತೆಯನ್ನೂ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಮಾಡಿರಬೇಕು. ನನ್ನ ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್. ಅಷ್ಟಕ್ಕೇ ಮೊದಲ ಸಲ ವ್ಯಾಲಿಡೇಟ್ ಆಗಲಿಲ್ಲ.

ಪಕ್ಕದ ಮನೆಯ ಹುಡುಗಿಗೆ ಅವತ್ತು ಮೊದಲು ಪ್ಯಾನ್ ಕಾರ್ಡ್, ಪಾಸ್‌ಬುಕ್ ಎರಡನ್ನೂ ತರಲು ಹೇಳಿದೆ. ಜಗಲಿಯಲ್ಲಿ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೊಂದಿಸಿ ನೋಡಿದೆವು. ಅವಳದ್ದು ಸರಿ ಇತ್ತು. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವಳೇ ಗೆರೆ ಎಳೆದಳು.