ವರ್ಡ್ಸ್‌ವರ್ತ್ ಹುಡುಕಿದರೂ ಸಿಗದಿದ್ದಾಗ

ಶಿರಸಿಯಿಂದ ನಾವೊಂದು ಆನ್‌ಲೈನ್ ವಿಮರ್ಶಾ ಪತ್ರಿಕೆ ನಡೆಸುತ್ತೇವೆ. ರೊಮ್ಯಾಂಟಿಕ್ ಸಾಹಿತ್ಯದ, ಅಂದರೆ ವರ್ಡ್ಸ್‌ವರ್ತ್‌ನಂಥ ಇಂಗ್ಲಿಷ್ ಕವಿಗಳ ಕಾಲದ ಸಾಹಿತ್ಯದ ಬಗ್ಗೆ ಬರುವ ಪುಸ್ತಕಗಳಿಗೆಂದೇ ಇರುವ ಪತ್ರಿಕೆ. ಚಂದಾ ಇಲ್ಲ, ಯಾರು ಬೇಕಾದರೂ ಓದಬಹುದು. ಆದರೆ ಕುಮಟಾದ ಒಬ್ಬ ವಿದ್ಯಾರ್ಥಿನಿ ವರ್ಡ್ಸ್‌ವರ್ತ್ ಎಂದು ಹುಡುಕಿದರೆ ಏನೂ ಬರಲಿಲ್ಲ. ಆ ಕವಿಯ ಕವಿತೆಗಳಿರುವ 1798ರ ಸಂಕಲನ ‘ಲಿರಿಕಲ್ ಬ್ಯಾಲಡ್ಸ್’ ಬಗ್ಗೆ ಉದ್ದನೆಯ ಬರಹವೇ ಅಲ್ಲಿತ್ತು! ಹುಡುಕಿದವರಿಗೆ ಸಿಗದಿದ್ದರೆ ಸುಮ್ನೆ ಮುಕ್ತವಾಗಿಟ್ಟು ಏನು ಬಂತು, ಅಲ್ವಾ?

ಹಳೆಯ ಸಂಚಿಕೆಗಳು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ (ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಸಂಕೇತಕ್ರಮಕ್ಕೆ) ತಂದೆವು. ಅರ್ಕಾವತ್ತು ಇರುವಲ್ಲಿ ಜಾಸ್ತಿ ಕಣ್ಣಿಡಬೇಕು. ಆಸ್ಕಿಯಲ್ಲಿ ಅದು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು.

ಆಮೇಲೂ ಕೆಲವು ಬರಹ ಸಿಗಲಿಲ್ಲ. ನಿಜವಾದ ತಲೆನೋವು ಇಲ್ಲೇ. ‘ಸ್’ ಆದಮೇಲೆ ಯು+200ಸಿ ಎಂಬ ಕಾಣದ ಚಿಹ್ನೆ ಇದ್ದರೆ ‘ವರ್ಡ್ಸ್‌ವರ್ತ್’ ಎಂದು ಬಿಡಿಯಾಗಿ ಕಾಣುತ್ತದೆ. ಇಲ್ಲದಿದ್ದರೆ ‘ವ’ ಒತ್ತಾಗಿ ‘ವರ್ಡ್ಸ್ವರ್ತ್’. ನಮ್ಮ ಹುಡುಕಾಟಕ್ಕೆ ಅವೆರಡೂ ಬೇರೆ ಬೇರೆ. ಲೇಖನದಿಂದಲೇ ಆ ಚಿಹ್ನೆ ಕಿತ್ತರೆ ಓದಲು ಚೆನ್ನಾಗಿರುವುದಿಲ್ಲ. ಅದಕ್ಕೆ ಹುಡುಕಾಟಕ್ಕೆಂದು ಕಂಪ್ಯೂಟರ್ ಇಟ್ಟುಕೊಳ್ಳುವ ಪದಗಳ ಸೂಚಿಯಲ್ಲೂ ಓದುಗರು ಟೈಪ್ ಮಾಡಿದ ಪದದಲ್ಲೂ ಮಾತ್ರ ಅದನ್ನು ತೆಗೆದೆವು. ಲೇಖನ ಇದ್ದ ಹಾಗೇ ಇದೆ. ಈಗ ಹೇಗೆ ಬರೆದು ಹುಡುಕಿದರೂ ಸಿಗುತ್ತದೆ. ಅದೇ ಕಾಲದ ಕವಿಗಳಾದ ಶೆಲ್ಲಿ, ಕೀಟ್ಸ್‌ಗೆ ಈ ತೊಂದರೆ ಇರಲೇ ಇಲ್ಲ. ಆದರೆ ‘ಕೀಟ್ಸ್‌ನ’ ಎಂದ ಕೂಡಲೇ ಅದೇ ಕಥೆ.

ಹಳೆಯ ಪಿಡಿಎಫ್‌ಗಳನ್ನು ಅಳಿಸಲಿಲ್ಲ. ಅವುಗಳ ಪುಟಸಂಖ್ಯೆ ಕೊಟ್ಟು ಉಲ್ಲೇಖಿಸಿದವರಿದ್ದಾರೆ. ಪಕ್ಕದಲ್ಲೇ ವೆಬ್ ಪುಟವಾಗಿ ತೆರೆಯುವ ಹಗುರವಾದ ಎಚ್‌ಟಿಎಂಎಲ್ ಪ್ರತಿ ಇಟ್ಟಿದ್ದೇವೆ. ಮಳೆಗಾಲದಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ ಇದ್ದರೂ ಅದು ತೆರೆಯುತ್ತದೆ.